ಕೆರಿಬಿಯನ್ ಅಂದ್ರೆ ಬರೀ ಬೀಚಾ?

ಅಮೆರಿಕದಲ್ಲಿರೋ ನಮ್ಮ ಕನ್ನಡದ ಮಂದಿಗೆ ಚಳಿಗಾಲ ಮುಗಿಯೋ ಹೊತ್ತಿಗೆ ಒಂದು ಜ್ವರ ಶುರುವಾಗತ್ತೆ. ಮಕ್ಕಳಿಗೆ ಸ್ಪ್ರಿಂಗ್ ಬ್ರೇಕ್, ಎಲ್ಲಾದರೂ ಬೆಚ್ಚಗಿರೋ ಕಡೆ ಹೋಗಬೇಕು. ಹಾಗಂತ ಹೊರಟವರು ಹೋಗೋದೆಲ್ಲಾ ಒಂದೇ ಥರದ ಜಾಗಕ್ಕೆ. ಕೈಗೆ ಒಂದು ಬಣ್ಣದ ಪಟ್ಟಿ ಕಟ್ಟಿಸಿಕೊಂಡು, ಕಾಂಪೌಂಡಿನ ಒಳಗೇ ಐದು ದಿನ ಕಳೆದು, ಈಜುಕೊಳದ ಪಕ್ಕ ಮಲಗಿ, ಬಫೆಯಲ್ಲಿ ಮೊಟ್ಟೆ ಹಾಕದ ಕೇಕ್ ಹುಡುಕಿ ಸುಸ್ತಾಗಿ ವಾಪಸ್ ಬರೋದು. ಯಾವ ದೇಶಕ್ಕೆ ಹೋಗಿದ್ರಿ ಅಂತ ಕೇಳಿದರೆ ರೆಸಾರ್ಟಿನ ಹೆಸರು ಹೇಳ್ತಾರೆ! ನಾನೂ ಒಮ್ಮೆ ಅಂಥ ಕಡೆ ಹೋಗಿಬಂದವಳೇ, ಹೆಸರು ಬೇಡ ಬಿಡಿ. ಐದು ದಿನದಲ್ಲಿ ಆ ದೇಶದವರ ಜೊತೆ ನಾನು ಆಡಿದ ಮಾತು "ಇನ್ನೊಂದು ಟವೆಲ್ ಕೊಡ್ತೀರಾ" ಅನ್ನೋದಷ್ಟೇ.

ಅದಕ್ಕೇ ಯಾರಾದರೂ ಕೆರಿಬಿಯನ್ ಅಂದ ಕೂಡಲೇ ನಾನು ಟ್ರಿನಿಡಾಡಿಗೆ ಹೋಗಿ ಅಂತೀನಿ. ನ್ಯೂಯಾರ್ಕಿನಿಂದ ಐದು ಗಂಟೆಯ ಹಾರಾಟ. ಹದಿನಾಲ್ಕು ಲಕ್ಷ ಜನರ ದೇಶ, ವೆನೆಜುವೆಲಾದಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರ. ಎಣ್ಣೆ, ಗ್ಯಾಸ್ ಇರೋದರಿಂದ ಅವರಿಗೆ ಪ್ರವಾಸಿಗರೇ ಹೊಟ್ಟೆಪಾಡಲ್ಲ. ಅದೇ ಅದರ ಚಂದ. ನಿಮಗೋಸ್ಕರ ಅಂತ ಯಾರೂ ಏನೂ ನಾಟಕ ಆಡೋದಿಲ್ಲ, ಅವರ ಪಾಡಿಗೆ ಅವರಿರ್ತಾರೆ. ನೀವು ಹೋಗಿ ಸೇರಿಕೊಳ್ಳಬೇಕು.

ನಾವು ಹೋಗಿದ್ದು ಈಸ್ಟರ್ ಸಮಯದಲ್ಲಿ, ಎಂಟು ದಿನ. ನಾನು, ನಮ್ಮವರು, ಮಗಳು, ಜೊತೆಗೆ ಊರಿಂದ ಬಂದಿದ್ದ ಭಾವನವರು. ಎಲ್ಲಾ ಬರೆಯೋಕೆ ಹೋಗಲ್ಲ, ಮನಸ್ಸಲ್ಲಿ ಉಳಿದದ್ದು ಹೇಳ್ತೀನಿ.

ಮೊದಲು ಕರೋನಿ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ದಕ್ಷಿಣಕ್ಕೆ, ಹೈವೇ ಪಕ್ಕದಲ್ಲೇ ಇರೋ ಕಾಂಡ್ಲಾ ಕಾಡಿನ ಜೌಗು. ಸಂಜೆ ನಾಲ್ಕರ ಸುಮಾರಿಗೆ ಚಪ್ಪಟೆ ತಳದ ದೋಣಿಯಲ್ಲಿ ಕೂರಿಸಿಕೊಂಡು ಹೋಗ್ತಾರೆ. ಕಾಲುವೆ, ಎರಡೂ ಕಡೆ ನೀರಿಗೆ ಇಳಿಬಿದ್ದ ಬೇರು, ಕೊಂಬೆಯಲ್ಲಿ ಸಿಂಬಿ ಸುತ್ತಿ ಮಲಗಿರೋ ಹಾವು (ಭಾವನವರು ದೋಣಿಯ ಮಧ್ಯಕ್ಕೆ ಸರಿದು ಕೂತರು). ಆಮೇಲೆ ಅಗಲವಾದ ನೀರು, ಅದರ ನಡುವೆ ಹಸಿರು ನಡುಗಡ್ಡೆ. ದೂರದಲ್ಲೇ ದೋಣಿ ನಿಲ್ಲಿಸಿ ಸುಮ್ಮನೆ ಕಾಯ್ತಾರೆ. ಸೂರ್ಯ ಇಳೀತಿದ್ದ ಹಾಗೆ ಐದು, ಹತ್ತು, ಐವತ್ತು ಅಂತ ಕೆಂಪು ಕೆಂಬರಲು ಹಕ್ಕಿಗಳು ಬಂದು ಆ ಮರಗಳ ಮೇಲೆ ಕೂರೋಕೆ ಶುರು. ಸ್ಕಾರ್ಲೆಟ್ ಐಬಿಸ್, ಆ ದೇಶದ ರಾಷ್ಟ್ರಪಕ್ಷಿ. ಕೆಂಪು ಅಂದ್ರೆ ಕುಂಕುಮ ಚೆಲ್ಲಿದ ಕೆಂಪು! ತಿನ್ನೋ ಏಡಿ ಸಿಗಡಿಗಳಿಂದ ಆ ಬಣ್ಣ ಬರತ್ತಂತೆ, ಮರಿಗಳು ಬೂದು ಕಂದು ಬಣ್ಣದಲ್ಲೇ ಇರ್ತವೆ. ಅರ್ಧ ಗಂಟೆಯಲ್ಲಿ ಹಸಿರು ನಡುಗಡ್ಡೆ ಪೂರಾ ಹೂಬಿಟ್ಟ ಮುತ್ತುಗದ ಮರದ ಹಾಗಾಯ್ತು. ರಂಗನತಿಟ್ಟಿನಲ್ಲಿ ಬೆಳೆದ ಹಕ್ಕಿಪ್ರೀತಿ ನನ್ನದು, ಆದರೂ ಬಾಯಿಗೆ ಮಾತು ಬರಲಿಲ್ಲ. ಇಷ್ಟಿದ್ದರೂ ಈ ಹಕ್ಕಿಯನ್ನ ಕದ್ದು ಹೊಡೆದು ತಿನ್ನೋರೂ ಇದ್ದರು. 2018ರಲ್ಲಿ ಕಾನೂನು ಬಿಗಿ ಮಾಡಿ ಒಂದು ಲಕ್ಷ ಟ್ರಿನಿಡಾಡ್ ಡಾಲರ್ ದಂಡ ಇಟ್ಟರು.

ಇನ್ನೊಂದು ಆಮೆ. ಉತ್ತರದ ಗ್ರಾಂಡ್ ರಿವಿಯೇರ್, ಪೂರ್ವದ ಮಟೂರಾ ತೀರಗಳಿಗೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ. ಮಾರ್ಚಿನಿಂದ ಆಗಸ್ಟ್ ತನಕ ಅದರ ಕಾಲ. ಆಗ ಪರ್ಮಿಟ್ ಇಲ್ಲದೆ ಅಲ್ಲಿಗೆ ಹೋಗೋ ಹಾಗಿಲ್ಲ, ಊರಿನ ಗೈಡ್ ಜೊತೆಗಿರಲೇಬೇಕು. ಕತ್ತಲಲ್ಲಿ ಕೆಂಪು ಟಾರ್ಚ್ ಹಿಡಿದು ಕರೆದುಕೊಂಡು ಹೋಗ್ತಾರೆ, ಫೋಟೋಗೆ ಫ್ಲಾಶ್ ಹೊಡೆಯೋ ಹಾಗಿಲ್ಲ. ಊಟದ ಮೇಜಿನಷ್ಟು ದೊಡ್ಡ ಪ್ರಾಣಿ, ಏದುಸಿರು ಬಿಡುತ್ತಾ ಹಿಂಗಾಲಿನಲ್ಲಿ ಮರಳು ತೋಡುತ್ತೆ. ಆ ಹಿಂಗಾಲಿನ ನಾಜೂಕು ನೋಡಬೇಕು, ನಮ್ಮಜ್ಜಿ ಸೌಟಿನಲ್ಲಿ ಹಿಟ್ಟು ತೆಗೀತಿದ್ದ ಹಾಗೆ. ಮಟೂರಾದ ಹಳ್ಳಿಯವರು 1990ರಲ್ಲಿ ನೇಚರ್ ಸೀಕರ್ಸ್ ಅನ್ನೋ ಸಂಘ ಕಟ್ಟಿಕೊಂಡು ರಾತ್ರಿ ಕಾವಲು ಶುರು ಮಾಡಿದರು. ಅದಕ್ಕೂ ಮುಂಚೆ ಮಾಂಸಕ್ಕೆ ಅಂತ ಆಮೆಗಳನ್ನ ಕಡಿದು ಹಾಕ್ತಿದ್ದ ತೀರ ಅದು. ನಾವು ಕೊಡೋ ಫೀಸು ನೇರ ಆ ಊರಿನವರ ಕೈಗೆ ಹೋಗತ್ತೆ, ಅವರು ಕಾವಲು ಕಾಯೋಕೆ ಅದೂ ಒಂದು ಕಾರಣ. ರೆಸಾರ್ಟಿಗೆ ಕೊಟ್ಟ ದುಡ್ಡು ಯಾರ ಕೈ ಸೇರತ್ತೆ ಅಂತ ನಾವು ಯಾವತ್ತಾದರೂ ಕೇಳ್ತೀವಾ?

ಲಾ ಬ್ರೇಯ ಡಾಂಬರು ಕೆರೆಯನ್ನ ಬಹಳ ಜನ "ಪಾರ್ಕಿಂಗ್ ಲಾಟ್ ಥರ ಇದೆ" ಅಂತ ಬೈತಾರೆ. ಹೌದು, ಹಾಗೇ ಇದೆ :-) ಆದರೆ ನೂರು ಎಕರೆ ಅಗಲದ, ಇನ್ನೂರೈವತ್ತು ಅಡಿ ಆಳದ ಪಾರ್ಕಿಂಗ್ ಲಾಟು, ಕಾಲಿಟ್ಟ ಕಡೆ ಮೆತ್ತಗೆ ತಗ್ಗುತ್ತೆ! 1595ರಲ್ಲಿ ವಾಲ್ಟರ್ ರಾಲಿ ಇಲ್ಲಿನ ಡಾಂಬರಲ್ಲೇ ತನ್ನ ಹಡಗಿನ ಬಿರುಕು ಮುಚ್ಚಿಕೊಂಡ. 1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹಾಸಿದ್ದೂ ಇದನ್ನೇ. ನಡುನಡುವೆ ಗಂಧಕದ ನೀರಿನ ಗುಂಡಿಗಳಿವೆ, ಚರ್ಮಕ್ಕೆ ಒಳ್ಳೇದು ಅಂತ ಊರವರು ಮಕ್ಕಳನ್ನ ಕರೆತಂದು ಕುತ್ತಿಗೆ ತನಕ ಮುಳುಗಿ ಹರಟುತ್ತಾ ಕೂತಿದ್ದರು. ಸ್ಪಾ ಅಂದ್ರೆ ಇದಪ್ಪಾ.

ಈಗ ನಾನು ಬರೆಯಬೇಕು ಅಂತ ಕೂತ ವಿಷಯಕ್ಕೆ ಬರ್ತೀನಿ.

1845ರ ಮೇ 30ರಂದು ಫತೇಲ್ ರಜಾಕ್ ಅನ್ನೋ ಹಡಗು ಇನ್ನೂರಿಪ್ಪತ್ತೈದರಷ್ಟು ಭಾರತೀಯ ಕೂಲಿಗಳನ್ನ ಟ್ರಿನಿಡಾಡಿಗೆ ತಂದು ಇಳಿಸಿತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಿತ್ತು. 1917ರ ತನಕ ಹೀಗೆ 1.4 ಲಕ್ಷಕ್ಕೂ ಹೆಚ್ಚು ಜನ ಬಂದರು. ಬಹುಪಾಲು ಇವತ್ತಿನ ಉತ್ತರಪ್ರದೇಶ, ಬಿಹಾರದ ಕಡೆಯವರು. ಮದರಾಸಿನ ಬಂದರಿನಿಂದಲೂ ಸ್ವಲ್ಪ ಜನ. ಇವತ್ತು ದೇಶದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಅವರ ವಂಶದವರು. ಹಾಗಾಗಿ ನಮ್ಮವರು ಅಲ್ಲಿಗೆ ಹೋದ ತಕ್ಷಣ ಮಾಡೋ ಕೆಲಸ, "ನಮ್ಮವರನ್ನ" ಹುಡುಕೋದು. ಹುಡುಕಲಿ, ತಪ್ಪಿಲ್ಲ. ಆದರೆ ಹುಡುಕಿದ ಮೇಲೆ ಪರೀಕ್ಷೆ ಮಾಡ್ತಾರೆ ನೋಡಿ, ಅದು ನನಗೆ ಸಹಿಸೋಕಾಗಲ್ಲ.

ನಮ್ಮ ಡ್ರೈವರ್ ಐವತ್ತರ ಆಸುಪಾಸಿನವರು, ಹಣೆಯಲ್ಲಿ ಸಣ್ಣ ಚಂದನ. ಭಾವನವರು ಕಾರು ಹತ್ತಿದ ಹತ್ತು ನಿಮಿಷಕ್ಕೆ ಶುರು ಮಾಡಿದರು. ಹಿಂದಿ ಬರತ್ತಾ? ಬರಲ್ಲ, ನಮ್ಮಜ್ಜಿಗೆ ಬರ್ತಿತ್ತು. ಯಾವ ಊರಿನವರು? ಗೊತ್ತಿಲ್ಲ, ಕಾಗದದಲ್ಲಿ ಏನೋ ಬರೆದಿದೆ. ಜಾತಿ? ಆತ ನಕ್ಕು, "ಹಡಗಿನಲ್ಲಿ ಎಲ್ಲರೂ ಜಹಾಜಿಗಳು" ಅಂದರು. ಭಾವನವರು ಕನ್ನಡದಲ್ಲಿ ನನ್ನ ಕಡೆ ತಿರುಗಿ, "ಪಾಪ, ಎಲ್ಲಾ ಮರ್ತುಬಿಟ್ಟಿದಾರೆ ಕಣಮ್ಮಾ" ಅಂದರು.

ಅವತ್ತೇ ಮಧ್ಯಾಹ್ನ ಅದೇ ಡ್ರೈವರ್ ನಮ್ಮನ್ನ ವಾಟರ್‌ಲೂ ಊರಿನ ಸಮುದ್ರದ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಸಿವದಾಸ ಸಾಧು ಅನ್ನೋ ಕಬ್ಬಿನ ತೋಟದ ಕೂಲಿ 1947ರಲ್ಲಿ ಒಂದು ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದ್ದು. 1952ರಲ್ಲಿ ಅದನ್ನ ಕೆಡವಿಸಿ, ಆತನಿಗೆ ದಂಡ ಹಾಕಿ, ಹದಿನಾಲ್ಕು ದಿನ ಜೈಲಿಗೂ ಕಳಿಸಿದರು. ಹೊರಗೆ ಬಂದವನು, ನೆಲ ನಿಮ್ಮದಾದರೆ ಸಮುದ್ರ ಯಾರದ್ದೂ ಅಲ್ಲವಲ್ಲ ಅಂತ, ಸೈಕಲ್ ಮೇಲೆ ಬಕೆಟ್ ತೂಗುಹಾಕಿಕೊಂಡು ಕಲ್ಲು, ಮರಳು, ಸಿಮೆಂಟು ಹೊತ್ತು ನೀರೊಳಗೇ ದಾರಿ ಮಾಡಿ ಮತ್ತೆ ಗುಡಿ ಕಟ್ಟಿದ. ಬದುಕಿನ ಸುಮಾರು ಇಪ್ಪತ್ತೈದು ವರ್ಷ ಅದಕ್ಕೇ ಹೋಯಿತು. ಅಲೆ ತಿಂದು ಹಾಳಾಗಿದ್ದನ್ನ 1995ರಲ್ಲಿ ಹೊಸದಾಗಿ ಕಟ್ಟಿಸಿದ್ದಾರೆ. ನಾವು ಹೋದಾಗ ನೀರು ಇಳಿದಿತ್ತು, ಕೆಸರಲ್ಲಿ ಕೊಕ್ಕರೆ. ಬಾವುಟ ಕಟ್ಟಿದ ಬಿದಿರುಗಳು ಗಾಳಿಗೆ ಪಟಪಟ ಅಂತಿದ್ದವು. ಇದನ್ನ ಉಳಿಸಿಕೊಂಡವರನ್ನ ಮರೆತವರು ಅನ್ನೋಣವಾ? ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕಾರಿನಲ್ಲಿ ಕೂತು ದೇವಸ್ಥಾನಕ್ಕೆ ಹೋಗಿಬರೋ ನಮಗೆ ಆ ಯೋಗ್ಯತೆ ಎಲ್ಲಿಂದ ಬಂತು?

ಅಲ್ಲಿಂದ ಹತ್ತಿರದಲ್ಲೇ ಕಾರಪಿಚೈಮಾದಲ್ಲಿ 85 ಅಡಿಯ ಹನುಮಂತ ನಿಂತಿದ್ದಾನೆ. ಮೈಸೂರಿನ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು 2003ರಲ್ಲಿ ಪ್ರತಿಷ್ಠೆ ಮಾಡಿದ್ದು, ಪಕ್ಕದಲ್ಲೇ ದ್ರಾವಿಡ ಶೈಲಿಯ ದತ್ತಾತ್ರೇಯ ಗುಡಿ. ಭಾವನವರಿಗೆ ಮೈಸೂರೇ ಎದುರಾದ ಹಾಗೆ ಸಂತೋಷ. ನನಗೂ ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದರೆ ಎರಡರಲ್ಲಿ ಒಂದನ್ನೇ ನೋಡೋಕೆ ಸಮಯ ಇದ್ದರೆ ನೀರಿನ ಗುಡಿ ನೋಡಿ.

ಭಾಷೆ ಹೋಯ್ತು ಅಂತೀರಿ, ನಾಲಿಗೆಯಲ್ಲಿ ಏನುಳಿದಿದೆ ನೋಡಿ. ರಸ್ತೆ ಬದಿಯಲ್ಲಿ ಬೆಳಗ್ಗೆ ಆರಕ್ಕೇ ಡಬಲ್ಸ್ ಗಾಡಿ ಮುಂದೆ ಜನ. ಅರಿಶಿನ ಹಾಕಿ ಕರಿದ ಎರಡು ಮೆತ್ತನೆ ಬಾರಾ, ಮಧ್ಯೆ ಕಡಲೆಕಾಳಿನ ಗೊಜ್ಜು, ಹುಣಸೆ, ಸೌತೆಕಾಯಿ, ಖಾರ. ಖಾರ "ಸ್ಲೈಟ್" ಅಂತ ಹೇಳಿ, ಆಂಧ್ರದ ಖಾರ ತಿಂದವರೂ ಹಾಗೇ ಹೇಳಿ! ಧಾಲ್‌ಪುರಿ ಅಂದ್ರೆ ಬೆಲ್ಲ ಹಾಕದ ಬೇಳೆ ಹೋಳಿಗೆ. ಬೈಗನ್ ಚೋಕಾ ಥೇಟ್ ನಮ್ಮ ಸುಟ್ಟ ಬದನೆಕಾಯಿ ಗೊಜ್ಜು. ಬಫೆಯಲ್ಲಿ ಸೊಪ್ಪು ಆರಿಸಿಕೊಂಡು ತಿನ್ನೋ ಸಸ್ಯಾಹಾರಿಗಳಿಗೆ ಕೆರಿಬಿಯನ್ನಿನಲ್ಲಿ ಇದಕ್ಕಿಂತ ಸ್ವರ್ಗ ನಾನು ಕಂಡಿಲ್ಲ. ಗಾಡಿಯಲ್ಲಿ ಮಾಡೋರು ಭಾರತೀಯ ಮೂಲದವರಿರಬಹುದು, ಆಫ್ರಿಕನ್ ಮೂಲದವರಿರಬಹುದು, ತಿನ್ನೋರಂತೂ ಎಲ್ಲರೂ. ಸೇಂಟ್ ಜೇಮ್ಸಿನ ಹೊಸೇ ಕೂಡ ಹಾಗೇ, ಅದು ಮೊಹರಂ. ಡೋಲು ಬಾರಿಸೋರಲ್ಲಿ ಎಲ್ಲಾ ಜಾತಿ ಧರ್ಮದವರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಅಲಾಯಿ ಹಬ್ಬ ನೋಡಿದವರಿಗೆ ಇದು ಹೊಸದೇನಲ್ಲ. 1884ರಲ್ಲಿ ಆ ಮೆರವಣಿಗೆ ಮೇಲೆ ಬ್ರಿಟಿಷರು ಗುಂಡು ಹಾರಿಸಿದರು, ಆದರೂ ನಿಲ್ಲಲಿಲ್ಲ.

"ನಮ್ಮವರನ್ನ" ಹುಡುಕೋ ಭರದಲ್ಲಿ ಉಳಿದ ಅರ್ಧ ದೇಶವನ್ನ ನೋಡದೇ ಬರೋದು ಇನ್ನೊಂದು ರೋಗ. ಸ್ಟೀಲ್ ಪ್ಯಾನ್ ಹುಟ್ಟಿದ್ದು ಇಲ್ಲಿ. ಡೋಲು ಬಾರಿಸಬೇಡಿ ಅಂದರು, ಬಿದಿರು ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕೆಟ್ ಡಬ್ಬ, ಕೊನೆಗೆ ಎಣ್ಣೆ ಡ್ರಮ್ಮು. ಡ್ರಮ್ಮಿನ ತಳ ಬಡಿದು ಬಡಿದು ಸ್ವರ ತೆಗೆದವರು ಬಡ ಕರಿಯ ಹುಡುಗರು, ಆಗ ಪೊಲೀಸರು ಅಟ್ಟಿಸಿಕೊಂಡು ಬರ್ತಿದ್ದರು. 1963ರಿಂದ ಕಾರ್ನಿವಲ್ ಹೊತ್ತಿಗೆ ಪನೋರಮಾ ಸ್ಪರ್ಧೆ, ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಎಂಟು ನಿಮಿಷ ನುಡಿಸ್ತಾರೆ. ಟಿಕೆಟ್ ಸಿಗದಿದ್ದರೂ ಚಿಂತೆ ಇಲ್ಲ, ಅದಕ್ಕೂ ಮುಂಚಿನ ವಾರಗಳಲ್ಲಿ ಪ್ಯಾನ್ ಯಾರ್ಡುಗಳಲ್ಲಿ ರಾತ್ರಿ ಅಭ್ಯಾಸ ನಡೀತಿರತ್ತೆ, ಹೋಗಿ ನಿಂತು ಕೇಳಿ. ನಾವು ಹೋದಾಗ ಕಾರ್ನಿವಲ್ ಮುಗಿದಿತ್ತು. ಒಂದು ಯಾರ್ಡಿನಲ್ಲಿ ಮಕ್ಕಳ ಗುಂಪು ಒಂದೇ ಸಾಲನ್ನ ಮೂವತ್ತು ಸಲ ನುಡಿಸ್ತಿತ್ತು. ಸಂಗೀತದ ಮೇಷ್ಟ್ರು ಎಲ್ಲಾ ದೇಶದಲ್ಲೂ ಒಂದೇ ಥರ ಬೈತಾರೆ ಅಂತ ಮಗಳಿಗೆ ಗೊತ್ತಾಯ್ತು.

ಕ್ವೀನ್ಸ್ ಪಾರ್ಕ್ ಓವಲ್ ಬಗ್ಗೆ ಒಂದು ಮಾತು. 1976ರ ಏಪ್ರಿಲ್ಲಿನಲ್ಲಿ ನಾಲ್ಕನೇ ಇನ್ನಿಂಗ್ಸಿನಲ್ಲಿ 403 ಬೇಕಿದ್ದಾಗ ಭಾರತ 406 ಹೊಡೆದು ಗೆದ್ದ ಮೈದಾನ. ಆಗ ಅದು ವಿಶ್ವದಾಖಲೆ. ಎಲ್ಲರೂ ಗವಾಸ್ಕರರ 102 ಹೇಳ್ತಾರೆ. ನಮ್ಮ ಗುಂಡಪ್ಪ ವಿಶ್ವನಾಥರದ್ದು 112, ಕೊನೆಯಲ್ಲಿ ಬ್ರಿಜೇಶ್ ಪಟೇಲರದ್ದು ಔಟಾಗದೆ 49, ಮೊದಲ ಇನ್ನಿಂಗ್ಸಿನಲ್ಲಿ ಚಂದ್ರಶೇಖರರಿಗೆ ಆರು ವಿಕೆಟ್ಟು. ನಮ್ಮವರು ಆ ಖಾಲಿ ಮೈದಾನ ನೋಡುತ್ತಾ ಅರ್ಧ ಗಂಟೆ ನಿಂತರು, ಒಂದು ಮಾತಿಲ್ಲ. ಇದೂ ಒಂದು ರಿಲ್ಯಾಕ್ಸೇಶನ್ನೇ ಅಂತ ಬಿಟ್ಟೆ.

ಬೀಚೇ ಬೇಕು ಅನ್ನೋರಿಗೆ ಟೊಬೇಗೊ ಇದೆ, ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಎರಡು ದಿನ ಮಲಗೋಕೆ ಸಾಕು. ನೈಲಾನ್ ಪೂಲ್ ಅಂತ ಸಮುದ್ರದ ಮಧ್ಯೆ ಸೊಂಟದ ಮಟ್ಟದ ತಿಳಿ ನೀರು. ಪಕ್ಕದ ಬಕೂ ಹವಳದ ದಿಬ್ಬದ ಮೇಲೆ ಮಾತ್ರ ದಯವಿಟ್ಟು ಕಾಲಿಡಬೇಡಿ, ಪ್ರವಾಸಿಗರು ತುಳಿದೇ ಬಹಳಷ್ಟು ಹಾಳಾಗಿದೆ. ಮೇನ್ ರಿಡ್ಜ್ ಕಾಡಿಗೆ ಹೋಗಿ, ಮಳೆಗೆ ಕಾಡು ಬೇಕು ಅಂತ 1776ರಲ್ಲೇ ಕಾನೂನು ಮಾಡಿ ಕಾಪಾಡಿದ ಕಾಡು ಅದು. ಈಸ್ಟರ್ ಮಂಗಳವಾರ ಅಲ್ಲಿದ್ದರೆ ಬಕೂ ಊರಿನ ಮೇಕೆ ಓಟ ತಪ್ಪಿಸಬೇಡಿ. ಮೇಕೆಗೆ ಹಗ್ಗ ಕಟ್ಟಿ ಜಾಕಿಗಳು ಜೊತೆಗೆ ಓಡ್ತಾರೆ, 1925ರಿಂದ ನಡೀತಿದೆ. ಕಂಬಳ ನೋಡಿ ಬೆಳೆದ ನಮ್ಮವರು ಗಂಟಲು ಕಟ್ಟೋ ತನಕ ಕೂಗಿದರು.

ಭಯದ ವಿಷಯ ಮುಚ್ಚಿಡಲ್ಲ. 2024ರಲ್ಲಿ ಆ ಪುಟ್ಟ ದೇಶದಲ್ಲಿ 600ಕ್ಕೂ ಹೆಚ್ಚು ಕೊಲೆಗಳಾದವು, ಆ ವರ್ಷದ ಕೊನೆಗೆ ತುರ್ತುಪರಿಸ್ಥಿತಿ ಹೇರಿದರು, 2025ರಲ್ಲಿ ಮತ್ತೊಮ್ಮೆ. ಹೆಚ್ಚಿನದು ಗ್ಯಾಂಗುಗಳ ನಡುವಿನದ್ದು, ಆದರೂ ಟಿಕೆಟ್ ತೆಗೆಯೋ ಮುಂಚೆ ಸರ್ಕಾರದ ಪ್ರಯಾಣ ಸೂಚನೆ ಓದಿ. ರಾತ್ರಿ ಪೋರ್ಟ್ ಆಫ್ ಸ್ಪೇನಿನಲ್ಲಿ ನಡೆದಾಡಬೇಡಿ, ಗೊತ್ತಿರೋ ಡ್ರೈವರನ್ನೇ ಇಟ್ಟುಕೊಳ್ಳಿ. ಆತನ ಜಾತಿ ಕೇಳಬೇಡಿ. ಕ್ರಿಕೆಟ್ ಬಗ್ಗೆ ಕೇಳಿ, ಕಾರು ನಿಲ್ಲೋ ತನಕ ಮಾತು ನಿಲ್ಲಲ್ಲ.

ಮತ್ತೆ ಕರೋನಿಗೆ ಹೋಗುವಾಗ ಸೊಳ್ಳೆಗೆ ಹಚ್ಚೋ ಕ್ರೀಮ್ ಮರೀಬೇಡಿ. ಭಾವನವರ ಕಾಲು ಮೂರು ದಿನ ಊದಿತ್ತು.