ಗೋಡೆಯಿಂದ ಪಾರ್ಕಿಗೆ

"ಪ್ರತಿಭಟನೆ ಮಾಡಬೇಡಿ ಅಂತ ಯಾರಪ್ಪಾ ಹೇಳಿದ್ದು? ಅದಕ್ಕೇ ಅಂತ ಫ್ರೀಡಂ ಪಾರ್ಕ್ ಇದೆಯಲ್ಲ, ಅಲ್ಲಿ ಹೋಗಿ ಮಾಡಿಕೊಳ್ಳಲಿ." ಬೆಂಗಳೂರಿನಲ್ಲಿ ಈ ಮಾತು ಕಿವಿಗೆ ಬೀಳದೆ ಒಂದು ತಿಂಗಳು ಕಳೆಯುವುದಿಲ್ಲ. ಹೇಳುವವರು ಕೆಟ್ಟವರೇನಲ್ಲ. ಓಟು ಹಾಕುತ್ತಾರೆ, ತೆರಿಗೆ ಕಟ್ಟುತ್ತಾರೆ, 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಹಿಂದೆ ಊರಿಗೆ ಊರೇ ಬೀದಿಗಿಳಿದದ್ದನ್ನು ನೆನೆದು ಎದೆಯುಬ್ಬಿಸುತ್ತಾರೆ. ಹಕ್ಕು ಅವರಿಗೆ, ರಸ್ತೆ ನಮಗೆ ಎಂಬ ಹಂಚಿಕೆ ಅವರಿಗೆ ನ್ಯಾಯವಾಗಿಯೇ ಕಾಣುತ್ತದೆ.

ನನಗೆ ಕಾಣುವುದಿಲ್ಲ. ಸಭೆಗೆ ಬರುವವನು ಕೇಳಬೇಕೆಂದೇ ಬರುತ್ತಾನೆ. ಪ್ರತಿಭಟನೆಯ ಕೆಲಸ ಬೇರೆ: ಕೇಳುವ ಮನಸ್ಸಿಲ್ಲದವನ, ಕೇಳುವ ಪುರಸೊತ್ತಿಲ್ಲದವನ ದಾರಿಯಲ್ಲಿ ಅದು ಎದುರಾಗಬೇಕು. ಎದುರಾಗದ ಹಾಗೆ ಜಾಗ ಗೊತ್ತುಮಾಡಿ ಕೊಟ್ಟ ಮೇಲೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ, ಅಷ್ಟೆ.

ಈ ಉಪಾಯ ನಮ್ಮ ಪೊಲೀಸರ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಇದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದು ಬೀಜಿಂಗ್. ಆ ನಗರದ ನಡುವೆ ಹಾದುಹೋಗುವ ಚಾಂಗ್‌ಆನ್ ಹೆದ್ದಾರಿಯ ಪಕ್ಕ, ಶೀದಾನ್ ಎಂಬಲ್ಲಿ, ಬಸ್ ಡಿಪೊದ ಮುಂದೆ ಒಂದು ಉದ್ದನೆಯ ಇಟ್ಟಿಗೆ ಗೋಡೆಯಿತ್ತು. ನೋಡಲು ಏನೂ ಚೆಂದವಿಲ್ಲದ ಗೋಡೆ. 1978ರ ಚಳಿಗಾಲದ ಹೊತ್ತಿಗೆ ಜನ ಅದರ ಮೇಲೆ ಕೈಬರಹದ ಭಿತ್ತಿಪತ್ರ ಅಂಟಿಸತೊಡಗಿದರು. ಮಾವೋ ತೀರಿಹೋಗಿ ಎರಡು ವರ್ಷವಾಗಿತ್ತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಮನೆ, ಕೆಲಸ, ಗಂಡ, ಮಗ ಎಲ್ಲ ಕಳಕೊಂಡವರು ದೂರದೂರದ ಹಳ್ಳಿಗಳಿಂದ ರಾಜಧಾನಿಗೆ ದೂರು ಹೊತ್ತು ಬಂದಿದ್ದರು. ಕಚೇರಿಗಳಲ್ಲಿ ಕೇಳುವವರಿಲ್ಲದ ಆ ದೂರುಗಳು ಗೋಡೆಗೆ ಬಂದವು. ಪಕ್ಕದಲ್ಲೇ ಕವಿತೆಗಳು, ಮಾವೋನನ್ನು ಹೆಸರು ಹಿಡಿದು ಟೀಕಿಸುವ ಬರಹಗಳು. ಕೆಲಸಕ್ಕೆ ಹೋಗುವವರು, ಬರುವವರು ಕೊರೆಯುವ ಚಳಿಯಲ್ಲಿ ನಿಂತು ಓದಿದರು, ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡರು.

ಡೆಂಗ್ ಶಿಯೋಪಿಂಗ್‌ಗೆ ಮೊದಲು ಇದರಿಂದ ಬೇಸರವಾಗಲಿಲ್ಲ. ಮಾವೋ ಹೇಳಿದ್ದೆಲ್ಲ ವೇದವಾಕ್ಯ ಎನ್ನುತ್ತಿದ್ದ ಹುವಾ ಗುವೊಫೆಂಗ್ ಬಣವನ್ನು ಬದಿಗೆ ಸರಿಸಲು ಗೋಡೆಯ ಬರಹಗಳು ಅವನಿಗೆ ಅನುಕೂಲವಾಗಿದ್ದವು. ಭಿತ್ತಿಪತ್ರ ಬರೆಯುವುದಕ್ಕೆ ಸಂವಿಧಾನದಲ್ಲೇ ಅವಕಾಶವಿದೆ ಎಂದು ವಿದೇಶಿ ಅತಿಥಿಗಳ ಮುಂದೆ ಹೇಳಿದ್ದೂ ಉಂಟು. ಅಧಿಕಾರದಲ್ಲಿರುವವರಿಗೆ ಪ್ರತಿಭಟನೆ ಹಿಡಿಸುವುದು ಅದು ಅವರ ಎದುರಾಳಿಯ ಮನೆ ಮುಂದೆ ನಡೆಯುವಾಗ. ಇದಕ್ಕೆ ಉದಾಹರಣೆ ಹುಡುಕಲು ಚೀನಾಕ್ಕೆ ಹೋಗಬೇಕಾಗಿಲ್ಲ.

ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಬಂದ. ವೇ ಜಿಂಗ್‌ಶೆಂಗ್, ಬೀಜಿಂಗ್ ಮೃಗಾಲಯದಲ್ಲಿ ಕೆಲಸ. ಕೃಷಿ, ಕೈಗಾರಿಕೆ, ರಕ್ಷಣೆ, ವಿಜ್ಞಾನ-ತಂತ್ರಜ್ಞಾನ ಈ ನಾಲ್ಕರ ಆಧುನೀಕರಣ ಸರ್ಕಾರದ ಘೋಷಣೆಯಾಗಿತ್ತು. ಐದನೆಯದೊಂದು ಬಾಕಿಯಿದೆ, ಅದು ಪ್ರಜಾಪ್ರಭುತ್ವ ಎಂದು ಅವನು 1978ರ ಡಿಸೆಂಬರ್ 5ರಂದು ಗೋಡೆಗೆ ಅಂಟಿಸಿದ. ಮುಂದಿನ ಮಾರ್ಚ್‌ನಲ್ಲಿ ಡೆಂಗ್ ಕೂಡ ಸರ್ವಾಧಿಕಾರಿಯಾಗುವ ಅಪಾಯವಿದೆ ಎಂದು ಬರೆದ. ಕೆಲವೇ ದಿನಗಳಲ್ಲಿ ಬಂಧನ, ಅಕ್ಟೋಬರ್‌ನಲ್ಲಿ 15 ವರ್ಷ ಶಿಕ್ಷೆ.

ಇಷ್ಟು ಕಥೆ ಬಹಳ ಜನಕ್ಕೆ ಗೊತ್ತು. ಅಷ್ಟಾಗಿ ಯಾರೂ ಹೇಳದಿರುವುದು ಅದರ ನಂತರದ್ದು. ಇನ್ನು ಭಿತ್ತಿಪತ್ರವೇ ಕೂಡದು ಎಂದು ಸರ್ಕಾರ ಆಗಲೇ ಹೇಳಲಿಲ್ಲ. 1979ರ ಡಿಸೆಂಬರ್‌ನಲ್ಲಿ ಶೀದಾನ್ ಗೋಡೆಯ ಮೇಲೆ ಅಂಟಿಸುವುದನ್ನಷ್ಟೇ ನಿಷೇಧಿಸಿ, ಯುಯೆತಾನ್ ಎಂಬ ಪಾರ್ಕಿನೊಳಗೆ ಜಾಗ ತೋರಿಸಿತು. ಬರೆಯುವವರು ಅಲ್ಲಿಗೆ ಹೋಗಬಹುದು. ಹೆಸರು, ವಿಳಾಸ, ಕೆಲಸ ಮಾಡುವ ಜಾಗ ನೋಂದಾಯಿಸಿ ಅಂಟಿಸಬಹುದು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಭಿತ್ತಿಪತ್ರದ ಹಕ್ಕನ್ನು ಸಂವಿಧಾನದಿಂದಲೇ ತೆಗೆದುಹಾಕಿದರು. ಆ ಹೊತ್ತಿಗೆ ಹೆಚ್ಚು ಗದ್ದಲವಾಗಲಿಲ್ಲ. ದಾರಿಹೋಕರ ಕಣ್ಣಿಂದ ಅದು ಆಗಲೇ ಮರೆಯಾಗಿತ್ತು.

ಬೀಜಿಂಗಿಗೂ ಬೆಂಗಳೂರಿಗೂ ಹೋಲಿಕೆಯೇ ಎಂದು ಸಿಟ್ಟಾಗುವವರು ಇರಬಹುದು. ನಮ್ಮಲ್ಲಿ ಚುನಾವಣೆಯಿದೆ, ಕೋರ್ಟಿದೆ, ಬರೆದ ಮಾತ್ರಕ್ಕೆ 15 ವರ್ಷ ಒಳಗೆ ಹಾಕುವುದಿಲ್ಲ. ಒಪ್ಪಿದೆ. ನಾನು ಹೋಲಿಸುತ್ತಿರುವುದು ಎರಡು ಸರ್ಕಾರಗಳನ್ನಲ್ಲ, ಒಂದು ವಿಧಾನವನ್ನು. ಬೆಂಗಳೂರಿನ ಪ್ರತಿಭಟನೆಗಳಿಗೆ 2021ರಲ್ಲಿ ಪೊಲೀಸ್ ಆದೇಶ ಬಂತು: ಮೊದಲೇ ಅರ್ಜಿ ಹಾಕಬೇಕು, ನಡೆಸುವ ಜಾಗ ಫ್ರೀಡಂ ಪಾರ್ಕ್. 2022ರಲ್ಲಿ ಹೈಕೋರ್ಟೂ ಅದನ್ನು ಪಾಲಿಸಿ ಎಂದಿತು. ಟೌನ್ ಹಾಲ್ ಮೆಟ್ಟಿಲು, ಮೈಸೂರ್ ಬ್ಯಾಂಕ್ ಸರ್ಕಲ್, ಆನಂದರಾವ್ ಸರ್ಕಲ್ಲಿನ ಗಾಂಧಿ ಪ್ರತಿಮೆ ಹೀಗೆ ಊರಿನ ಬಾಯಿಗೆ ಬರುತ್ತಿದ್ದ ಜಾಗಗಳೆಲ್ಲ ಪಟ್ಟಿಯಿಂದ ಹೊರಬಿದ್ದವು.

ಉಳಿದ ಆ ಒಂದು ಜಾಗವಾದರೂ ಎಂಥದು? ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟದ್ದು ಅಲ್ಲಿ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದ್ದು ಅಲ್ಲಿ; 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ ಅವರು ತೀರಿಕೊಂಡರು. ಕಾವಲು ಗೋಪುರ ಇವತ್ತಿಗೂ ನಿಂತಿದೆ. ಅದು ಸ್ಮಾರಕವಾದದ್ದು ಸರಿಯೇ. ಆದರೆ ಸರ್ಕಾರದ ವಿರುದ್ಧ ದನಿಯೆತ್ತುವವರನ್ನೆಲ್ಲ ಅದೇ ಆವರಣಕ್ಕೆ ಮತ್ತೆ ಕಳಿಸುವಾಗ ಯಾರಿಗೂ ಮುಜುಗರವಾಗಲಿಲ್ಲವಲ್ಲ, ಅದೇ ನನಗೆ ಸೋಜಿಗ.

ಪ್ರತಿಭಟನೆಯಿಂದ ನಗರದ ಅಂದ ಕೆಡುತ್ತದೆ ಎನ್ನುವವರು ಮೊದಲು ತಮ್ಮ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಇಳಿಸಲಿ. ಆಂಬುಲೆನ್ಸಿನ ಮಾತು ಹಾಗಲ್ಲ. ರಸ್ತೆ ಕಟ್ಟಿಹೋದಾಗ ಒಳಗೆ ರೋಗಿ ಒದ್ದಾಡುವುದು ನಿಜ, ದಿನದ ಬಾಡಿಗೆ ಕಟ್ಟಬೇಕಾದ ಆಟೋದವನ ಮಧ್ಯಾಹ್ನ ಹಾಳಾಗುವುದು ನಿಜ. ಒಂದು ರಸ್ತೆಯನ್ನು ತಿಂಗಳುಗಟ್ಟಲೆ ಹಿಡಿದಿಡುವಂತಿಲ್ಲ ಎಂದು ಶಾಹೀನ್ ಬಾಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಹಿಂದೆಯೂ ಈ ಕಳಕಳಿ ಇದೆ; ಆದರೆ ಗೊತ್ತುಪಡಿಸಿದ ಜಾಗದಲ್ಲಷ್ಟೇ ಪ್ರತಿಭಟಿಸಬೇಕು ಎಂದು ಅದು ಮುಂದುವರಿದದ್ದನ್ನು ನಾನು ಒಪ್ಪಲಾರೆ. ಬೀದಿಯಲ್ಲಿ ಸಭೆ ಸೇರುವುದನ್ನು ನಿಯಂತ್ರಿಸಬಹುದು, ಪೂರ್ತಿಯಾಗಿ ಇಲ್ಲವೆನ್ನಲಾಗದು ಎಂದು ಹಿಮತ್ ಲಾಲ್ ಶಾ ಪ್ರಕರಣದಲ್ಲಿ 1972ರಲ್ಲಿ ಹೇಳಿದ್ದೂ ಅದೇ ಕೋರ್ಟು. ಕ್ರಿಕೆಟ್ ಕಪ್ ಗೆದ್ದವರ ಸನ್ಮಾನಕ್ಕೆ 2025ರ ಜೂನ್‌ನಲ್ಲಿ ವಿಧಾನಸೌಧದ ಮೆಟ್ಟಿಲೇ ಸಿಕ್ಕಿತು. ಅದೇ ಸಂಜೆ ಸ್ಟೇಡಿಯಂ ಬಾಗಿಲಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಜನಸಂದಣಿಯ ಭಯ ಈ ಸರ್ಕಾರಗಳಿಗೆ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ.

ಇನ್ನೊಂದು ವಾದಕ್ಕೆ ಉತ್ತರಿಸುವುದು ಕಷ್ಟ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲೇ ಚಳಿಯಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ 10,000 ರೂಪಾಯಿ ಗೌರವಧನದ ಭರವಸೆ ಪಡೆದೇ ಎದ್ದರು. ಪಾರ್ಕಿನಲ್ಲೂ ಗೆಲ್ಲಬಹುದು ಹಾಗಾದರೆ? ಗೆಲ್ಲಬಹುದು, ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಜನರನ್ನು ಕರೆತರುವ ಸಂಘಟನೆ ಇದ್ದರೆ, ದಿನಗಟ್ಟಲೆ ಕೂರುವ ತ್ರಾಣವಿದ್ದರೆ.

ಇಲ್ಲದವರು ಏನು ಮಾಡಬೇಕು? 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಕೆಲಸ ಬಿಟ್ಟಾಗ ಒಟ್ಟಿಗೆ ಕೈಗೆ ಬರುವ ದುಡ್ಡು ಅಂದರೆ ಅದೊಂದೇ. ಮಕ್ಕಳ ಫೀಸು, ಸಾಲ, ಮದುವೆ ಎಲ್ಲ ಅದರ ಮೇಲೆ ನಿಂತಿರುತ್ತದೆ. ಸುದ್ದಿ ಬಾಯಿಂದ ಬಾಯಿಗೆ ಹರಡಿ ಸಾವಿರಾರು ಹೆಂಗಸರು ಮಿಷನ್ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಯೂನಿಯನ್ ಕರೆ ಕೊಟ್ಟಿರಲಿಲ್ಲ, ಮುಂದಾಳು ಇರಲಿಲ್ಲ. ಎರಡನೆಯ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು. ಬೆಂಕಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದೇ ದಿನ ಸಂಜೆಯ ಹೊತ್ತಿಗೆ ದೆಹಲಿ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಇಡೀ ದೇಶಕ್ಕೆ ಅನ್ವಯವಾಗುತ್ತಿದ್ದ ನಿಯಮ ಅದು. ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿ ಕಾರಿನೊಳಗೆ ಸಿಕ್ಕಿಕೊಂಡು ಆ ಹೆಂಗಸರನ್ನು ಶಪಿಸುತ್ತಿದ್ದವರ ಪಿಎಫ್ ಕೂಡ ಅವರಿಂದಲೇ ಉಳಿಯಿತು.

ಇವತ್ತಿನ ಆದೇಶದ ಪ್ರಕಾರ ಆ ಹೆಂಗಸರು ಅರ್ಜಿ ಹಾಕಬೇಕಿತ್ತು. ಸಂಘಟಕರ ಜಾಗದಲ್ಲಿ ಯಾರು ಸಹಿ ಮಾಡುತ್ತಿದ್ದರು? ಮಾಡಿದ್ದರೆ ಮರುದಿನ ಫ್ಯಾಕ್ಟರಿ ಗೇಟಿನೊಳಗೆ ಅವರನ್ನು ಬಿಡುತ್ತಿದ್ದರೇ? ಅನುಮತಿ ಸಿಕ್ಕಿ, ಒಂದು ದಿನದ ಸಂಬಳ ಬಿಟ್ಟು, ಬೊಮ್ಮನಹಳ್ಳಿಯಿಂದ ಎರಡು ಬಸ್ ಬದಲಿಸಿ ಪಾರ್ಕಿಗೆ ಬಂದು ಕೂಗಿದ್ದರೆ ಯಾರಿಗೆ ಕೇಳಿಸುತ್ತಿತ್ತು?

ಆಂಬುಲೆನ್ಸಿನ ಪ್ರಶ್ನೆಗೆ ಪರಿಹಾರ ಇಲ್ಲದಿಲ್ಲ. ಪ್ರತಿ ವರ್ಷ ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಬೆಳಗಿನ ತನಕ ಸುತ್ತುತ್ತದೆ, ನಮ್ಮ ಪೊಲೀಸರು ಅದಕ್ಕೆ ದಾರಿ ಮಾಡಿಕೊಡುತ್ತಾರೆ. ಮೆರವಣಿಗೆಗೆ ಇಂತಿಷ್ಟು ಗಂಟೆ, ರಸ್ತೆಯ ಒಂದು ಬದಿ, ಇನ್ನೊಂದು ಬದಿಯಲ್ಲಿ ತುರ್ತು ವಾಹನ ಎಂದು ಹೊಂದಿಸುವುದು ಅವರಿಗೆ ಬಾರದ ವಿದ್ಯೆಯಲ್ಲ. ಅನುಮತಿ ಕೇಳುವ ಬದಲು ಠಾಣೆಗೆ ತಿಳಿಸಿದರೆ ಸಾಕು ಎಂದು ಆದೇಶ ಬದಲಾಗಲಿ. ಟೌನ್ ಹಾಲ್ ಮೆಟ್ಟಿಲು ವಾಪಸ್ ಬರಲಿ. ತಿಳಿಸುವಷ್ಟೂ ವ್ಯವಧಾನವಿಲ್ಲದೆ ಬೀದಿಗೆ ಬಂದವರ ಮೇಲೆ, ಅವರು ಶಾಂತವಾಗಿರುವಷ್ಟು ಹೊತ್ತು, ಕೇಸು ಬೀಳದಿರಲಿ.