ಸಂಸಾರದ ಮಾತು: ನೆಂಟರು ಯಾರು, ಮನೆಯವರು ಯಾರು?

ಪುರವರದ ಕಡೆಯವರಾದ ನಮಗೆ ಸಸ್ಯೋದ್ಯಾನವೆಂದರೆ ಬೆಂಗಳೂರಿನ ಲಾಲ್‌ಬಾಗೇ. 1760ರಲ್ಲಿ ಹೈದರಾಲಿಯು ಆರಂಭಿಸಿ, ಟಿಪ್ಪುವು ಪರದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದ ತೋಟವದು. ಈ ಸಲ ಮಕ್ಕಳು ಸಮುದ್ರವನ್ನು ನೋಡಲೇಬೇಕೆಂದು ಹಟ ಹಿಡಿದುದರಿಂದ, ಪುಷ್ಯಮಾಸದಲ್ಲಿ ನಾವು ಸಕುಟುಂಬರಾಗಿ ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋದೆವು. ಅಲ್ಲಿ ಕಂಡ ಮತ್ತೊಂದು ಬಗೆಯ ವನದ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಗರದ ಹೊರಗೆ, ವಾಮಂಜೂರಿನ ಬಳಿ ಪಿಲಿಕುಳವಿದೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಹುಲಿಗಳು ನೀರು ಕುಡಿಯುತ್ತಿದ್ದ ಕೊಳವಾದುದರಿಂದ ಈ ಹೆಸರೆನ್ನುವರು. ಡಾಕ್ಟರ್ ಶಿವರಾಮ ಕಾರಂತರ (1902–1997) ಹೆಸರನ್ನು ಹೊತ್ತ ಈ ನಿಸರ್ಗಧಾಮದಲ್ಲಿ ಮಕ್ಕಳು ಓಡಿದುದು ಹುಲಿಯ ಕಡೆಗೆ. ನಮ್ಮನ್ನು ತಡೆದು ನಿಲ್ಲಿಸಿದುದು ಪಶ್ಚಿಮಘಟ್ಟದ ಗಿಡಮರಗಳಿಗಾಗಿ ಬೆಳೆಸಿರುವ ವೃಕ್ಷವನ.

ನಮ್ಮ ಮನೆಯ ಅಜ್ಜಿಯವರು ಮರಗಳನ್ನೆಲ್ಲ ದಿಟ್ಟಿಸಿ ನೋಡಿ, ಅಲ್ಲಿದ್ದ ಕೆಲಸದಾತನನ್ನು, "ಇವೆಲ್ಲ ಯಾವ ದೇಶದಿಂದ ತರಿಸಿದವಪ್ಪಾ?" ಎಂದು ಕೇಳಿದರು.

"ಇಲ್ಲಿಯವೇ ಅಮ್ಮಾ, ನಮ್ಮ ಘಟ್ಟದವು."

"ಅಯ್ಯೋ! ಮನೆಮಗಳಿಗೆ ಮನೆಯಂಗಳದಲ್ಲೇ ಛತ್ರ ಕಟ್ಟಿಸಿದಂತಾಯಿತಲ್ಲಾ!" ಎಂದರು ಅಜ್ಜಿ.

ಆ ಮಾತು ನಮ್ಮನ್ನು ಬಿಡಲಿಲ್ಲ. ಮನೆಗೆ ಮರಳಿದ ಮೇಲೆ ನಮ್ಮ ಅಡಿಗೆಮನೆಯನ್ನೇ ಪರೀಕ್ಷಿಸಿದೆವು. ರಾಗಿಯು ಸಹಸ್ರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದಿತೆಂದು ಸಸ್ಯಶಾಸ್ತ್ರಜ್ಞರು ಹೇಳುವರು. ಹುಣಿಸೆಯ ಮೂಲವೂ ಆಫ್ರಿಕವೇ. ಪಾವಗಡ, ಸಿರಾಗಳ ಹೊಲಗಳನ್ನು ತುಂಬುವ ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದಿಂದ ಬಂದದ್ದೇ. ಪಾಯಸದ ಗೋಡಂಬಿಯನ್ನು ಕೊಡುವ ಗೇರುಮರವನ್ನು 16ನೆಯ ಶತಮಾನದಲ್ಲಿ ಪೋರ್ತುಗೀಸರು ಬ್ರೆಜಿಲಿನಿಂದ ತಂದರು. ಹೀಗೆ ಬಂದ ನೆಂಟರೆಲ್ಲರೂ ಮನೆಯವರಾದರು. ಅದು ಸಂತೋಷವೇ.

ಮನೆಯವರ ಗತಿಯೇನು? ಧೂಪದ ಮರ, ರಾಮಪತ್ರೆ, ಮುರುಗಲು ಇವು ಪಶ್ಚಿಮಘಟ್ಟ ಹಾಗೂ ಅದರ ತಪ್ಪಲಿನ ಹೊರತು ಭೂಮಂಡಲದಲ್ಲಿ ಬೇರೆಲ್ಲಿಯೂ ತಾವಾಗಿ ಬೆಳೆಯವು. ಒಂದರ ಅಂಟು ದೇವರ ಮುಂದೆ ಧೂಪವಾಗುತ್ತದೆ. ಇನ್ನೊಂದರ ಕೆಂಪು ಪತ್ರೆ ಮಸಾಲೆಗೆ ಸೇರುತ್ತದೆ. ಮತ್ತೊಂದರ ಸಿಪ್ಪೆ ಪಾನಕವಾಗಿ ಬೇಸಗೆಯ ದಾಹವನ್ನು ತಣಿಸುತ್ತದೆ. ಆದರೆ ಪತ್ರೆಯ ಆಸೆಗೆ ಕಾಯಿಗಳನ್ನೆಲ್ಲ ಕಿತ್ತರೆ ಬೀಜವು ನೆಲಕ್ಕೆ ಬೀಳುವುದೆಂತು, ಸಸಿ ಹುಟ್ಟುವುದೆಂತು? ರಾಮಪತ್ರೆಯ ದಾಯಾದಿಗಳಾದ ಕೆಲವು ಮರಗಳು ಜೌಗು ನೆಲದಲ್ಲಿಯೇ, ಮೊಣಕಾಲನ್ನು ಮಡಿಸಿದಂತಹ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಬದುಕುತ್ತವೆ. ಆ ಜೌಗುಗಳಲ್ಲಿ ಎಷ್ಟೋ ಭಾಗವು ಗದ್ದೆಯಾಯಿತು, ಅಡಕೆಯ ತೋಟವಾಯಿತು. ನೆಲ ಹೋದ ಮೇಲೆ ಮರವು ಎಲ್ಲಿಗೆ ಹೋಗಬೇಕು?

ಸಸಿಯನ್ನು ತಂದು ನಮ್ಮ ಹಿತ್ತಿಲಲ್ಲಿ ನೆಟ್ಟರಾಯಿತೆಂದು ಯಾರಾದರೂ ಹೇಳಿಯಾರು. ಆ ತಪ್ಪನ್ನು ನಾವು ಹಿಂದೊಮ್ಮೆ ಮಾಡಿದ್ದೇವೆ. ಕರಾವಳಿಯಿಂದ ತಂದ ಮುರುಗಲಿನ ಸಸಿಗೆ ದಿನವೂ ಕೊಡಗಟ್ಟಲೆ ನೀರೆರೆದರೂ ಚೈತ್ರದ ಬಿಸಿಲಿಗೆ ಅದು ಒಣಗಿಹೋಯಿತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ. ನಮ್ಮ ಮಧುಗಿರಿ ಸೀಮೆಗೆ ಅದರ ಐದರಲ್ಲೊಂದು ಪಾಲು ಬಂದರೆ ಪುಣ್ಯ. ಗಿಡವನ್ನು ತಂದೆವು, ಅದರ ಮಳೆಯನ್ನೂ ಗಾಳಿಯ ತಂಪನ್ನೂ ತರಲಾಗಲಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಕರಾವಳಿಯ ವನವನ್ನು ಮಕ್ಕಳಿಗೆ ತೋರಿಸಿರಿ, ಸಸಿಯನ್ನು ಮಾತ್ರ ಕಿತ್ತು ತರಬೇಡಿರಿ. ಕೊರಟಗೆರೆಯ ಸಿದ್ಧರಬೆಟ್ಟವು ಗಿಡಮೂಲಿಕೆಗಳಿಗೆ ಹೆಸರಾದುದು. ಅಲ್ಲಿಗೆ ಹೋದಾಗ ಔಷಧಕ್ಕೆಂದು ಬೇರುಸಹಿತ ಕೀಳುವ ಕೈಗಳನ್ನು ತಡೆಯಿರಿ. ಹಿತ್ತಿಲಲ್ಲಿ ನಾಲ್ಕು ಮೊಳ ಜಾಗವಿದ್ದರೆ ಹೊಂಗೆಗೋ ಹಿಪ್ಪೆಗೋ ಬಿಲ್ವಕ್ಕೋ ಕೊಡಿರಿ. ಅವು ನಮ್ಮ ಬಿಸಿಲನ್ನು ಬಲ್ಲ ಮರಗಳು.

ಆಷಾಢದಲ್ಲಿ ಒಂದು ಹದ ಮಳೆ ಬಿದ್ದ ಮೇಲೆ, ಮುರುಗಲು ಒಣಗಿದ ಗುಂಡಿಯಲ್ಲೇ ಅಜ್ಜಿಯವರು ನಾಲ್ಕು ಹಿಪ್ಪೆಯ ಬೀಜಗಳನ್ನು ಊರಿದರು. ಮೂರು ಮೊಳೆತಿವೆ. "ಇವಕ್ಕೆ ಛತ್ರ ಬೇಡ, ಬೇಲಿ ಸಾಕು" ಎಂದು ಅವರ ಅಪ್ಪಣೆ. ಮಕ್ಕಳು ಮುಳ್ಳು ತರಲು ಹೋಗಿದ್ದಾರೆ.