ಮನೆಯೊಳಗಿನ ವಿಜ್ಞಾನ: ಗಾಜಿನ ಕೆರೆಗೂ ಒಂದು ಕೋಡಿ

ಎರಡು ಚಿನ್ನದ ಮೀನುಗಳನ್ನು ಬಿಟ್ಟ ಗಾಜಿನ ಬೋಗುಣಿಗೆ ಯಾವ ಲೆಕ್ಕಾಚಾರವೂ ಬೇಕಿಲ್ಲ. ಆದರೆ ನಡುಮನೆಯ ಗೋಡೆಗೆ ಒತ್ತಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನಿಟ್ಟರೆ ಅದು ಅಲಂಕಾರದ ವಸ್ತುವಾಗಿ ಉಳಿಯದೆ ಒಂದು ಪುಟ್ಟ ಕೆರೆಯೇ ಆಗುತ್ತದೆ. ಅಂಚಿನವರೆಗೆ ತುಂಬಿದರೆ ಅದರಲ್ಲಿ ಸುಮಾರು 680 ಲೀಟರ್ ನೀರು ನಿಲ್ಲುತ್ತದೆ. ಕೆರೆಗೆ ಕೋಡಿ ಬೇಕೆಂಬುದನ್ನು ಹಳ್ಳಿಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಪಟ್ಟಣದ ಗೃಹಸ್ಥನಿಗೆ ಮಾತ್ರ ಅದು ನೆಲ ಒದ್ದೆಯಾದ ಮೇಲೆಯೇ ನೆನಪಾಗುತ್ತದೆ.

ಇಂಥ ತೊಟ್ಟಿಯ ಏರ್ಪಾಡು ಹೀಗಿರುತ್ತದೆ. ತೊಟ್ಟಿಯ ಒಂದು ಮೂಲೆಯಲ್ಲಿ ಗಾಜಿನ ಅಡ್ಡಗೋಡೆ ನಿಲ್ಲಿಸಿ ಕಿರುಕೋಣೆಯೊಂದನ್ನು ಮಾಡುತ್ತಾರೆ. ಆ ಗೋಡೆಯ ನೆತ್ತಿಯೇ ಕೋಡಿ. ಅದನ್ನು ದಾಟಿ ಬಿದ್ದ ನೀರು ಕೊಳವೆಯ ಮೂಲಕ ಕೆಳಗಿನ ಸಂಪಿಗೆ ಇಳಿದು, ಅಲ್ಲಿ ಸೋಸಲ್ಪಟ್ಟು, ಪಂಪಿನ ಬಲದಿಂದ ಮತ್ತೆ ಮೇಲೇರುತ್ತದೆ. ಗಂಟೆಗೆ ಐದು ಸಲ ನೀರು ಸುತ್ತಿ ಬರಬೇಕೆಂದರೆ 3,400 ಲೀಟರ್ ಆಯಿತು. ಲೆಕ್ಕದ ಸೌಕರ್ಯಕ್ಕಾಗಿ ಸೆಕೆಂಡಿಗೆ ಒಂದು ಲೀಟರ್ ಎಂದಿಟ್ಟುಕೊಳ್ಳಬಹುದು.

ಮೇಲೇರಿಸುವ ಪಂಪು ಮೊಂಡ ಸ್ವಭಾವದ್ದು. ಇಳಿಯುವ ದಾರಿ ತೆರೆದಿದೆಯೋ ಮುಚ್ಚಿದೆಯೋ ಅದು ವಿಚಾರಿಸುವುದಿಲ್ಲ. ಕೊಳವೆಯ ಬಾಯಿಗೆ ಬಸವನಹುಳುವೊಂದು ಬಂದು ಕುಳಿತಿತೆನ್ನೋಣ. ಈ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 11 ಲೀಟರ್. ನೀರಿನ ಮಟ್ಟಕ್ಕೂ ತೊಟ್ಟಿಯ ಅಂಚಿಗೂ ಮೂರು ಸೆಂಟಿಮೀಟರ್ ಅಂತರವಿದ್ದರೆ, ಕಿರುಕೋಣೆ ತುಂಬಿದ ಮೇಲೆ ದೊರೆಯುವ ಕಾಲಾವಕಾಶ ಮೂವತ್ತಮೂರು ಸೆಕೆಂಡು. ಆಮೇಲೆ ಸಂಪು ಬರಿದಾಗುವವರೆಗೂ ನೀರು ಜಮಖಾನದ ಮೇಲೆ. ಉಪ್ಪುನೀರಿನ ತೊಟ್ಟಿಯಾಗಿದ್ದರೆ ಮರದ ಸಾಮಾನಿನ ಗತಿಯನ್ನು ಹೇಳುವುದೇ ಬೇಡ.

ಆದ್ದರಿಂದ, ಇಳಿಯುವ ಕೊಳವೆ ಎಷ್ಟು ದಪ್ಪವಿರಬೇಕು? ಅಂಗಡಿಯವನನ್ನು ಕೇಳಿದರೆ, “ಒಂದು ಅಂಗುಲ ಧಾರಾಳವಾಯಿತು ಸ್ವಾಮಿ” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಗೆಲಿಲಿಯೋವಿನ ಶಿಷ್ಯನಾದ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮವೊಂದು ಇಲ್ಲಿ ನೆರವಿಗೆ ಬರುತ್ತದೆ. ಒಂದು ಎತ್ತರದಿಂದ ಬಿದ್ದ ಕಲ್ಲು ಯಾವ ವೇಗವನ್ನು ಪಡೆಯುವುದೋ, ಅಷ್ಟೇ ಎತ್ತರದ ನೀರಿನ ಕೆಳಗಿರುವ ರಂಧ್ರದಿಂದ ಚಿಮ್ಮುವ ನೀರೂ ಅದೇ ವೇಗವನ್ನು ಪಡೆಯುತ್ತದೆ. ಒಂದು ಅಂಗುಲ ಒಳವ್ಯಾಸದ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 5 ಚದರ ಸೆಂಟಿಮೀಟರ್. ಬಾಯಿಯ ಮೇಲೆ ಐದು ಸೆಂಟಿಮೀಟರ್ ನೀರು ನಿಂತಿದ್ದರೆ ವೇಗ ಸೆಕೆಂಡಿಗೆ 99 ಸೆಂಟಿಮೀಟರ್. ರಂಧ್ರವನ್ನು ದಾಟುವಾಗ ಧಾರೆ ಕುಗ್ಗುವುದರಿಂದ ಹತ್ತರಲ್ಲಿ ಆರು ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಬಂದ ಉತ್ತರ, ಸೆಕೆಂಡಿಗೆ 300 ಮಿಲಿಲೀಟರ್; ಬೇಕಾದುದರಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ.

ಆದರೆ ಅದೇ ಕೊಳವೆ ಗಾಳಿಯ ಸುಳಿವಿಲ್ಲದೆ, ತುದಿಯಿಂದ ತುದಿಗೆ ನೀರೇ ತುಂಬಿ ಹರಿದರೆ ಅದು ಸೈಫನ್ ಆಗುತ್ತದೆ. ಆಗ ಲೆಕ್ಕಕ್ಕೆ ಬರುವುದು ಬಾಯಿಯ ಮೇಲಣ ಐದು ಸೆಂಟಿಮೀಟರ್ ಅಲ್ಲ. ಮೇಲಣ ನೀರಿನಿಂದ ಸಂಪಿನ ನೀರಿನವರೆಗಿನ ಎತ್ತರ. ಅದು 90 ಸೆಂಟಿಮೀಟರ್ ಇದ್ದರೆ ವೇಗ ಸೆಕೆಂಡಿಗೆ 420 ಸೆಂಟಿಮೀಟರ್, ಹರಿವು ಎರಡು ಲೀಟರಿಗೂ ಮೇಲೆ. ಕೊಳವೆಯ ಬಾಯಿ, ಬೆಂಡು, ಒಳಮೈಯ ಘರ್ಷಣೆ ಇವೆಲ್ಲ ಸೇರಿ ಅರ್ಧದಷ್ಟನ್ನು ನುಂಗಿದರೂ ಒಂದು ಲೀಟರ್ ಉಳಿಯುತ್ತದೆ. ಕೊಳವೆ ಒಂದೇ, ದಪ್ಪ ಒಂದೇ. ಗಾಳಿ ಹೊಕ್ಕರೆ ಮೂರನೆಯ ಒಂದು ಪಾಲು, ಗಾಳಿ ಹೊರಗುಳಿದರೆ ಪೂರ್ತಿ. ರಾತ್ರಿಯ ನಿಶ್ಶಬ್ದದಲ್ಲಿ ತೊಟ್ಟಿ ಬಚ್ಚಲಿನಂತೆ ಗೊಳಗೊಳ ಎನ್ನುವುದೂ ಈ ಗಾಳಿಯಿಂದಲೇ.

ಹಾಗಾದರೆ ಸೈಫನ್ ಒಂದನ್ನೇ ನಂಬಬಹುದೆ? ಕೂಡದು. ಮೇಲಣ ನೀರು ಒಂದು ಸೆಂಟಿಮೀಟರ್ ಏರಿದರೆ 90 ಇದ್ದದ್ದು 91 ಆಗುತ್ತದೆ. ಹರಿವು ಹೆಚ್ಚುವುದು ನೂರಕ್ಕೆ ಅರ್ಧ ಪಾಲು ಮಾತ್ರ. ಪಂಪು ಇದಕ್ಕಿಂತ ತುಸು ಹೆಚ್ಚು ನೀರನ್ನು ತಂದರೆ ಮಟ್ಟ ಏರುತ್ತಲೇ ಹೋಗುತ್ತದೆ. ತುಸು ಕಡಿಮೆ ತಂದರೆ ಮಟ್ಟ ಇಳಿದು, ಸುಳಿಯೆದ್ದು, ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಗಾಳಿಯೊಡನೆ ಹರಿಯುವ ಕೊಳವೆಯಲ್ಲಾದರೋ ನೀರು ಐದು ಸೆಂಟಿಮೀಟರಿನಿಂದ ಆರಕ್ಕೆ ಏರಿದರೆ ಹರಿವು ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ. ಅದು ಗದ್ದಲದ ಆಳು, ಆದರೆ ಸಮಯಕ್ಕೆ ಒದಗುವ ಆಳು.

ಸೈಫನ್ನಿನ ಗುಣವನ್ನು ದೊಡ್ಡ ಪ್ರಮಾಣದಲ್ಲಿ ದುಡಿಸಿಕೊಂಡ ನಿದರ್ಶನ ಕರ್ನಾಟಕದಲ್ಲೇ ಇದೆ. ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ, ಎಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಬಗೆಯ ಸೈಫನ್ನುಗಳು ಮಿಗುನೀರನ್ನು ತಾವಾಗಿಯೇ ಹೊರದೂಡುತ್ತವೆ. ಅಲ್ಲಿ ಸುರುಳಿಯಾಕಾರದ ಹಲಗೆಗಳು ನೀರನ್ನು ಬೇಕೆಂದೇ ಸುಳಿ ತಿರುಗಿಸುತ್ತವೆ; ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಸೆಳೆದೊಯ್ದು ಸೈಫನ್ನನ್ನು ಎಬ್ಬಿಸುತ್ತದೆ. ಮನೆಯ ತೊಟ್ಟಿಯಲ್ಲಿ ಸೈಫನ್ನನ್ನು ಕೊಲ್ಲುವ ಸುಳಿ ಅಲ್ಲಿ ಅದಕ್ಕೆ ಜೀವ ಕೊಡುವುದು ವಿನೋದವೇ ಸರಿ.

ಬಲ್ಲವರು ಕಿರುಕೋಣೆಯಲ್ಲಿ ಮೂರು ಕೊಳವೆಗಳನ್ನು ನಿಲ್ಲಿಸುತ್ತಾರೆ. ಮೊದಲನೆಯದು ಸೈಫನ್, ವಾಲ್ವನ್ನು ತಿರುಗಿಸಿ, ಅದು ಪಂಪಿನ ನೀರಿಗಿಂತ ಎಳ್ಳಷ್ಟು ಕಡಿಮೆ ಒಯ್ಯುವಂತೆ ಮಾಡುತ್ತಾರೆ. ಎರಡನೆಯದು ಗಾಳಿಯೊಡನೆ ಹರಿಯುವುದು. ಉಳಿದ ತೆಳುಧಾರೆ ಅದರ ಪಾಲು. ಮೂರನೆಯದು ನಿತ್ಯವೂ ಒಣಗಿರಬೇಕು. ಅದರ ಬಾಯಿ ಕಿರುಕೋಣೆಯ ನಿತ್ಯದ ನೀರಿಗಿಂತ ಮೇಲೆ, ತೊಟ್ಟಿಯ ಅಂಚಿಗಿಂತ ಆರು ಸೆಂಟಿಮೀಟರಾದರೂ ಕೆಳಗೆ ಇರಲಿ. ಅದರ ದಪ್ಪ ಎರಡು ಅಂಗುಲವಿರಲಿ. ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುವುದರಿಂದ, ಗಾಳಿಯ ಲೆಕ್ಕದಲ್ಲೂ ಅದು 1,200 ಮಿಲಿಲೀಟರನ್ನು ಒಯ್ಯಬಲ್ಲದು. ಕೆಲಸವಿಲ್ಲದ ಕೊಳವೆಗೆ ದುಡ್ಡು ದಂಡವೆಂದು ಇದನ್ನು ಕೈಬಿಡುವವರು ಹಲವರು. ವರ್ಷದ ಬಹುಕಾಲ ಒಣಗಿರುವ ಕೆರೆಯ ಕೋಡಿಯನ್ನೂ ಅವರು ದಂಡವೆನ್ನಬೇಕಾದೀತು.

ಕೋಡಿಯ ಉದ್ದಕ್ಕೂ ಲೆಕ್ಕವುಂಟು. ಅಮೆರಿಕದ ಲೋವೆಲ್ ಪಟ್ಟಣದಲ್ಲಿ ಫ್ರಾನ್ಸಿಸ್ ಎಂಬ ಎಂಜಿನಿಯರ್ ಪ್ರಯೋಗ ನಡೆಸಿ 1855ರಲ್ಲಿ ಪ್ರಕಟಿಸಿದ ಸೂತ್ರದಂತೆ, 30 ಸೆಂಟಿಮೀಟರ್ ಉದ್ದದ ಕೋಡಿಯ ಮೇಲೆ ಸೆಕೆಂಡಿಗೆ ಒಂದು ಲೀಟರ್ ಹರಿಯಲು ಒಂದೂವರೆ ಸೆಂಟಿಮೀಟರ್ ನೀರು ನಿಲ್ಲಬೇಕು. ಮೀನು ನುಸುಳದಿರಲೆಂದು ಇಡುವ ಬಾಚಣಿಗೆಯ ಹಲ್ಲುಗಳು ಅರ್ಧ ಉದ್ದವನ್ನು ಆಕ್ರಮಿಸಿದರೆ, ಅದು ಸುಮಾರು ಎರಡೂವರೆಗೆ ಏರುತ್ತದೆ.

ಇಷ್ಟೆಲ್ಲ ಆದ ಮೇಲೂ ಪಂಪಿನ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಬಾರದು. ನೀರನ್ನು ಎತ್ತರಕ್ಕೆ ಏರಿಸಿದಷ್ಟೂ ಅದು ತಗ್ಗುತ್ತದೆ. ನೀರು ತೊಟ್ಟಿಗೆ ಬೀಳುವ ಎತ್ತರದಲ್ಲೇ 15 ಲೀಟರಿನ ಬಕೆಟ್ಟನ್ನು ಹಿಡಿದು ಗಡಿಯಾರ ನೋಡಬೇಕು. ಹದಿನೈದು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಒಂದು ಲೀಟರ್. ಅನಂತರ, ಮೀನುಗಳನ್ನು ಬಿಡುವ ಮುನ್ನವೇ, ಮೊದಲೆರಡು ಕೊಳವೆಗಳ ಬಾಯಿಯನ್ನು ಮುಚ್ಚಿ, ಒಣಕೊಳವೆಯೊಂದೇ ಎಲ್ಲ ನೀರನ್ನೂ ಒಯ್ಯುವುದೇ ಎಂದು ಪರೀಕ್ಷಿಸಬೇಕು.

ಕರೆಂಟು ಹೋದಾಗಿನ ಕಥೆ ಬೇರೆ. ಪಂಪು ನಿಂತೊಡನೆ ನೀರು ಏರಿದ ಕೊಳವೆಯಲ್ಲೇ ಹಿಂದಕ್ಕೆ ಇಳಿಯತೊಡಗುತ್ತದೆ. ಆ ಕೊಳವೆಯ ತುದಿ ತೊಟ್ಟಿಯಲ್ಲಿ ಐದು ಸೆಂಟಿಮೀಟರ್ ಮುಳುಗಿದ್ದರೆ 55 ಲೀಟರ್ ನೀರು ಸಂಪಿಗೆ ಬಂದು ಸೇರುತ್ತದೆ. ಅಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿ ಇರಬೇಕು. ನೀರಿನ ಮಟ್ಟದ ಕೆಳಗೇ ಆ ಕೊಳವೆಗೆ ಸಣ್ಣ ರಂಧ್ರ ಕೊರೆದರೆ, ಮಟ್ಟ ತುಸು ಇಳಿದೊಡನೆ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ. ಪಾಚಿ ಬೆಳೆದು ಆ ರಂಧ್ರ ಮುಚ್ಚುವುದುಂಟು. ತಿಂಗಳಿಗೊಮ್ಮೆ ತೆಂಗಿನ ಪೊರಕೆಯ ಕಡ್ಡಿಯಿಂದ ಅದನ್ನು ಚುಚ್ಚಿ ತೆರೆದಿಟ್ಟರಾಯಿತು.